ಕಡಲಿನ ಶೋಧನೆಯೂ ನಮ್ಮ ಹೊಳೆಗಳೂ

ರಾಯಚೂರಿನವರಾದ ನಮಗೆ ಕಡಲಿನ ಮಾತೇಕೆಂದು ಕೆಲವರು ಕೇಳಬಹುದು. ಬಡಗಲಲ್ಲಿ ಕೃಷ್ಣೆಯನ್ನೂ ತೆಂಕಲಲ್ಲಿ ತುಂಗಭದ್ರೆಯನ್ನೂ ಎಲ್ಲೆಯಾಗಿ ಉಳ್ಳ ಈ ಎಡೆದೊರೆ ನಾಡಿನಲ್ಲಿ ಹರಿದ ನೀರು ಕಡೆಗೆ ಸೇರುವುದು ಬಂಗಾಳ ಉಪಸಾಗರವನ್ನೇ. ಹೊಳೆ ಹೊತ್ತೊಯ್ಯುವ ಸಿಹಿನೀರು, ಮೆಕ್ಕಲುಮಣ್ಣು, ಹೊಲಗಳ ಸಾರ ಇವುಗಳನ್ನು ಅಳಿವೆಯ ಮೀನೂ ಕರಾವಳಿಯ ಜೀವಕೋಟಿಯೂ ನೆಚ್ಚಿಕೊಂಡಿವೆ. ಆದುದರಿಂದ ಕಡಲಿನ ಶೋಧನೆಯ ಒಂದು ಪಾಲು ದೇವದುರ್ಗ, ಮಾನವಿಗಳಲ್ಲಿಯೇ ನಡೆಯತಕ್ಕದ್ದು.

ಇಂಥ ಕಾರ್ಯಕ್ಕೆ ಅಪಾರ ದ್ರವ್ಯ ಬೇಕೆಂಬ ನಂಬಿಕೆ ಬಲವಾಗಿದೆ. ಆದರೆ ಆಲಿಸ್ಟರ್ ಹಾರ್ಡಿ ಎಂಬ ವಿಜ್ಞಾನಿಯು 1931ರಲ್ಲಿ ಇಂಗ್ಲೆಂಡಿನ ವ್ಯಾಪಾರದ ಹಡಗುಗಳ ಹಿಂದೆ ಒಂದು ಯಂತ್ರವನ್ನು ಕಟ್ಟಿ ಎಳೆಯಿಸಿ, ತೇಲಾಡುವ ಸೂಕ್ಷ್ಮಜೀವಿಗಳನ್ನು ರೇಷ್ಮೆಯ ಪಟ್ಟಿಯಲ್ಲಿ ಹಿಡಿಯತೊಡಗಿದನು. ಹಡಗು ಪರರದು, ಪಯಣ ಪರರದು. ಲೆಕ್ಕ ಮಾತ್ರ ಶಾಸ್ತ್ರದ್ದು. ಆ ಕಾರ್ಯವು ಇಂದಿಗೂ ನಡೆದಿದೆ. ನೆರೆಯ ಗೋವೆಯಲ್ಲಿ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರು 1997ರಿಂದ ಕ್ಯಾಂಡೋಲಿಮ್ ಎದುರಿನ ಕಡಲಲ್ಲಿ ಒಂದೇ ನೆಲೆಗೆ ಮತ್ತೆ ಮತ್ತೆ ಹೋಗಿ ನೀರನ್ನು ಪರೀಕ್ಷಿಸುತ್ತ ಬಂದರು. ಮುಂಗಾರಿನ ಕೊನೆಗೆ ತಳದ ನೀರಿನಲ್ಲಿ ಆಮ್ಲಜನಕವು ಹೇಗೆ ಕ್ಷೀಣಿಸುತ್ತದೆಂಬುದನ್ನು ವರ್ಷವರ್ಷವೂ ಹೋಲಿಸಿ ನೋಡಲು ಇದರಿಂದಲೇ ಸಾಧ್ಯವಾಯಿತು.

ನಮ್ಮಲ್ಲಿಯೇ ದೃಷ್ಟಾಂತವಿದೆ. 1953ರಲ್ಲಿ ನೀರು ನಿಂತ ತುಂಗಭದ್ರಾ ಜಲಾಶಯವು ಮೊದಲು 133 ಟಿ.ಎಂ.ಸಿ. ಹಿಡಿಯುತ್ತಿದ್ದಿತು, ಈಗ ಹಿಡಿಯುವುದು ಸುಮಾರು 105. ಉಳಿದ ಎಡೆಯನ್ನು ಹೂಳು ತುಂಬಿದೆ. ಕಡಲಿಗೆ ಸಲ್ಲಬೇಕಾದ ಆ ಮಣ್ಣು ಅಲ್ಲಿಯೇ ತಂಗಿದೆ. ಎಡದಂಡೆ ಕಾಲುವೆಯ ಕೊನೆಯ ರೈತನಿಗೆ ನೀರಿನ ಕೊರತೆಯೂ ಹೆಚ್ಚಿದೆ. ಒಂದೇ ಸಾರಿ ಅಳೆದು ಕೈಬಿಟ್ಟಿದ್ದರೆ ಈ ನಷ್ಟದ ಮೊತ್ತವನ್ನು ಯಾರು ಹೇಳುತ್ತಿದ್ದರು?

ಆದುದರಿಂದ ನಮ್ಮ ಸೂಚನೆಯಿಷ್ಟೆ. ದೇವದುರ್ಗ ತಾಲೂಕಿನ ಕೊಪ್ಪರ, ರಾಯಚೂರಿನ ಬಳಿಯ ದೇವಸೂಗೂರು, ಮಾನವಿಯ ಕಡೆಯ ರಾಜೋಳಿಬಂಡೆ, ಈ ಮೂರೇ ನೆಲೆಗಳನ್ನು ಆರಿಸಿಕೊಳ್ಳಲಿ. ತಿಂಗಳಿಗೊಂದು ಗೊತ್ತಾದ ದಿನ ನೀರಿನ ಉಷ್ಣತೆ, ಕರಗಿದ ಆಮ್ಲಜನಕ, ಉಪ್ಪಿನಂಶ, ಕದಡು ಇವುಗಳನ್ನು ಪರೀಕ್ಷಿಸಿ, ಬೆಸ್ತರ ಬಲೆಗೆ ಬಿದ್ದ ಮೀನಿನ ಜಾತಿಯನ್ನೂ ತೂಕವನ್ನೂ ಬರೆದಿಡಲಿ. ದೇವಸೂಗೂರಿನಲ್ಲಿ ಕೇಂದ್ರ ಜಲ ಆಯೋಗವು ಹೊಳೆಯ ಮಟ್ಟವನ್ನು ಅಳೆಯುತ್ತದೆ; ಅದಕ್ಕಾಗಿ ಮತ್ತೆ ವೆಚ್ಚ ಬೇಡ. 2009ರಲ್ಲಿ ಸ್ಥಾಪಿತವಾದ ಇಲ್ಲಿನ ಕೃಷಿ ವಿಶ್ವವಿದ್ಯಾಲಯವು ಮೇಲ್ವಿಚಾರಣೆಯನ್ನು ವಹಿಸಿಕೊಳ್ಳಲಿ. ಕೃಷ್ಣೆಯ ನೀರನ್ನೇ ಬಳಸುವ ಶಕ್ತಿನಗರದ ವಿದ್ಯುತ್ ಸ್ಥಾವರವು ವೆಚ್ಚದಲ್ಲಿ ಪಾಲುಗೊಳ್ಳುವುದು ನ್ಯಾಯವೇ ಸರಿ.

ಕೆಲವು ನಿಯಮಗಳನ್ನು ಮಾತ್ರ ಮೀರಬಾರದು. ಪರೀಕ್ಷೆಯ ಕ್ರಮವನ್ನು ಮೊದಲೇ ಬರೆದಿಡಬೇಕು. ಹೊಸ ಯಂತ್ರ ಬಂದಾಗ ಹಳೆಯದನ್ನು ಕೂಡಲೆ ಬಿಸುಡದೆ ಕೆಲಕಾಲ ಎರಡರಿಂದಲೂ ಅಳೆದು ತಾಳೆ ನೋಡಬೇಕು. ಲೆಕ್ಕದ ಪ್ರತಿಗಳು ಎರಡು ಕಡೆ ಇರಬೇಕು. ಅಧಿಕಾರಿಯು ವರ್ಗವಾದರೆ ಬಂದವನು ಅದೇ ತಿಂಗಳು ಕಾರ್ಯವನ್ನು ಕೈಗೊಳ್ಳಬೇಕು. ಹಣ ಕಡಮೆಯಾದರೆ ಅಳತೆಯ ಬಾಬುಗಳನ್ನು ಕಡಮೆ ಮಾಡಬಹುದು, ಸರಣಿಯನ್ನು ಕಡಿಯಬಾರದು. ತಪ್ಪಿದ ತಿಂಗಳನ್ನು ಯಾವ ಬೊಕ್ಕಸವೂ ಮರಳಿ ಕೊಳ್ಳಲಾರದು.

ಹತ್ತು ಬಗೆಯ ಪರೀಕ್ಷೆಯನ್ನು ಆಡಂಬರದಿಂದ ತೊಡಗಿ ಮೂರನೆಯ ವರ್ಷ ಬಾಗಿಲು ಹಾಕುವುದಕ್ಕಿಂತ, ನಾಲ್ಕನ್ನು ಹಿಡಿದು ಮೂವತ್ತು ವರ್ಷ ನಡೆಸುವುದೇ ಲೇಸು. ಜಿಲ್ಲೆಯ ಅಧಿಕಾರಿವರ್ಗವೂ ಮಹಾಜನರೂ ಬರುವ ಮುಂಗಾರಿಗೆ ಮುನ್ನವೇ ಇದನ್ನು ಕೈಗೊಳ್ಳಬೇಕೆಂದು ಅರಿಕೆ ಮಾಡುತ್ತೇವೆ.