ಜಗುಲಿಗೆ ಬರುವ ಸಾಲ

ನಂಜನಗೂಡು ಸೀಮೆಯ ಈ ಊರಿನಲ್ಲಿ ಮಂಗಳವಾರ ಒಂಬತ್ತು ಗಂಟೆ ಎನ್ನುವಷ್ಟರಲ್ಲಿ ಮಾರಮ್ಮನ ಗುಡಿ ಪಕ್ಕದ ಮನೆಯ ಜಗುಲಿ ತುಂಬಿರುತ್ತದೆ. ತಲೆ ಬಾಚಿ ಹೂ ಮುಡಿದವರು, ಸಗಣಿ ಬಾಚಿ ಕೈ ತೊಳೆದು ಹಾಗೇ ಬಂದವರು, ಸೊಂಟದಲ್ಲಿ ಕೂಸಿರುವವರು. ಎಲ್ಲರ ಕೈಯಲ್ಲೂ ಮಾಸಿದ ಪ್ಲಾಸ್ಟಿಕ್ ಕವರು; ಅದರೊಳಗೆ ಸಾಲದ ಕಾರ್ಡು, ಆಧಾರ್ ಜೆರಾಕ್ಸು, ಮಡಚಿ ಮಡಚಿ ಮೆತ್ತಗಾದ ನೋಟು. ಬೈಕಿನ ಸದ್ದು ಕೇಳಿದ್ದೇ ಸೆರಗು ಸರಿಹೋಗುತ್ತದೆ, ಸಾಲು ನೆಟ್ಟಗಾಗುತ್ತದೆ. ಕಂತು ವಸೂಲಿಯ ‘ಸಾರು’ ಬಂದರು. ಸಾರಿಗೆ ಇನ್ನೂ ಇಪ್ಪತ್ತೈದು ದಾಟಿಲ್ಲ. ಕೂತವರಲ್ಲಿ ಅರ್ಧ ಮಂದಿಗೆ ಅವನ ವಯಸ್ಸಿನ ಮಕ್ಕಳಿದ್ದಾರೆ.

ಪಹಣಿ ಬೇಡ, ಒಡವೆ ಬೇಡ, ಜಾಮೀನು ಬೇಡ ಎಂದು ಮನೆಬಾಗಿಲಿಗೇ ಬರುವ ಮೈಕ್ರೊಫೈನಾನ್ಸ್ ಕಂಪನಿಯ ಸಾಲ ಇದು. ಬ್ಯಾಂಕಿಗೆ ಹೋಗೋಣವೆಂದರೆ ಪಹಣಿ ಮಾವನ ಹೆಸರಿನಲ್ಲಿದೆ, ಹೋದ ದಿನದ ಕೂಲಿಯೂ ಹೋಯಿತು. ಊರಿನ ಸಾಹುಕಾರರದು ತಿಂಗಳಿಗೆ ನೂರಕ್ಕೆ ಐದು, ಅಂದರೆ ವರ್ಷಕ್ಕೆ ಅರವತ್ತು. ಕಂಪನಿ ಶೇ 24ಕ್ಕೆ ಕೊಟ್ಟರೆ 50,000 ರೂಪಾಯಿಗೆ ಎರಡು ವರ್ಷ ವಾರವಾರ ಸುಮಾರು 606 ರೂಪಾಯಿ ಬೀಳುತ್ತದೆ. ಇದನ್ನು ನೋಡಿಯೇ ಈ ಹೆಂಗಸರು ಇಲ್ಲಿ ಬಂದು ಕೂತಿದ್ದಾರೆ. ಅವರಿಗೆ ಲೆಕ್ಕ ಗೊತ್ತಿಲ್ಲ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಆದರೆ 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ದಿನಗೂಲಿ 370 ರೂಪಾಯಿ ಇತ್ತು. ಒಂದು ಕಂತಿಗೆ ಒಂದೂವರೆ ದಿನಕ್ಕಿಂತ ಹೆಚ್ಚಿನ ದುಡಿಮೆ ಬೇಕು. ಕೆಲವರ ಕವರಿನಲ್ಲಿ ಮೂರು ಕಂಪನಿಗಳ ಕಾರ್ಡುಗಳಿವೆ.

ಸಾರು ಹೆಸರು ಕೂಗುತ್ತಾನೆ, ನೋಟು ಎಣಿಸುತ್ತಾನೆ, ಮೊಬೈಲಿನಲ್ಲಿ ಒತ್ತುತ್ತಾನೆ. ಏಳನೆಯ ಹೆಸರಿಗೆ ಉತ್ತರವಿಲ್ಲ.

“ಎಲ್ಲಮ್ಮಾ ಇವ್ರು?”

ಯಾರೂ ಮಾತಾಡುವುದಿಲ್ಲ. ಬ್ರಾಂಚಿನಿಂದ ಆಗಲೇ ಎರಡು ಸಲ ಫೋನು ಬಂದಿದೆ, ಪಾಪ, ಅವನ ಮುಖವೂ ಬಾಡಿದೆ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ವಸೂಲಿ ನಡೆಯಬೇಕಾದದ್ದು ಸಾಲಗಾರರೂ ಕಂಪನಿಯೂ ಒಪ್ಪಿದ ಜಾಗದಲ್ಲಿ. ಸಾಲಗಾರರು ಸತತ ಎರಡು ಸಲವಾದರೂ ಅಲ್ಲಿಗೆ ಬಾರದಿದ್ದರೆ ಮಾತ್ರ ಮನೆಗೆ ಹೋಗಬಹುದು. ಅದೂ ಬೆಳಗಿನ ಒಂಬತ್ತಕ್ಕಿಂತ ಮೊದಲು, ಸಂಜೆ ಆರರ ನಂತರ ಕೂಡದು. ಅವನು ಹೋಗಲೂ ಇಲ್ಲ. “ನೀವೇ ಹೋಗಿ ಕರ್ಕೊಂಡ್ ಬನ್ನಿ, ಅಲ್ಲೀವರ್ಗೂ ಮೀಟಿಂಗ್ ಮುಗಿಯಲ್ಲ” ಎಂದ. ಇಬ್ಬರು ಎದ್ದರು. ಒಬ್ಬಳು ಬಾರದವಳ ಮಗಳ ಬಾಣಂತನಕ್ಕೆ ನೀರು ಕಾಯಿಸಿಕೊಟ್ಟವಳು, ಇನ್ನೊಬ್ಬಳು ದಿನಾ ಅವಳ ಮನೆಯಿಂದ ಹೆಪ್ಪಿಗೆ ಮಜ್ಜಿಗೆ ತರುವವಳು.

ಈ ಸಾಲದಲ್ಲಿ ಒತ್ತೆ ಇಟ್ಟಿರುವುದು ಈ ನೆರೆಹೊರೆಯನ್ನೇ ಎಂದು ನನಗೆ ಅನಿಸುವುದು ಇಂಥ ಹೊತ್ತಿನಲ್ಲಿ. 2025ರ ಜನವರಿಯಲ್ಲಿ ಸಾಲ ವಸೂಲಿಯ ಕಾಟಕ್ಕೆ ಇದೇ ಸೀಮೆಯ ಮನೆಗಳಿಗೆ ಬೀಗ ಬಿದ್ದಿತ್ತು, ಕುಟುಂಬಗಳು ರಾತ್ರೋರಾತ್ರಿ ಊರು ಬಿಟ್ಟಿದ್ದವು. ಹಾವೇರಿಯ ಹೆಂಗಸರು ತಾಳಿಯನ್ನೇ ಮುಖ್ಯಮಂತ್ರಿಗೆ ಅಂಚೆಯಲ್ಲಿ ಕಳಿಸಿದ್ದರು. ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಬಂತು: ಕಿರುಕುಳ ಕೊಟ್ಟರೆ ಹತ್ತು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಕಂಪನಿಗಳನ್ನು ಅದು ಹೊರಗಿಟ್ಟಿತು. ಒಳಗೆ ಸೇರಿಸಿದ್ದರೂ, ಈ ಜಗುಲಿಯಲ್ಲಿ ಯಾರನ್ನು ಹಿಡಿಯುವುದು? ಇಲ್ಲಿ ಯಾರೂ ಬೈದಿಲ್ಲ, ದನಿ ಏರಿಸಿಲ್ಲ.

ಅವಳು ಬಂದಳು. ಕಣ್ಣು ಕೆಂಪಗಿತ್ತು. ಗಾರೆ ಕೆಲಸದ ಗಂಡ ಕಾಲು ಮುರಿದುಕೊಂಡು ಮಲಗಿ ತಿಂಗಳಾಗಿದೆ. ಯಾರೂ ಏನೂ ಕೇಳಲಿಲ್ಲ. ಮೂವರು ತಮ್ಮ ಕವರು ಬಿಚ್ಚಿ ಇನ್ನೂರು ಇನ್ನೂರು ಹಾಕಿದರು. ಉಳಿದ ಆರು ರೂಪಾಯಿ ಚಿಲ್ಲರೆ ಗುಂಪಿನ ಲೀಡರಮ್ಮನದು. ಸಾರು ಎಣಿಸಿ, ಅವಳ ಕಾರ್ಡಿಗೆ ಸಹಿ ಹಾಕಿ ಬೈಕ್ ಹತ್ತಿದ. ಅವನ ಲೆಕ್ಕದಲ್ಲಿ ಅವಳು ಚೊಕ್ಕ ಸಾಲಗಾರಳು.

ಇನ್ನೊಂದು ಲೆಕ್ಕ ಆಮೇಲೆ ಶುರುವಾಯಿತು.

“ಅರಿಶಿನದ ಕಳೆ ತೆಗೀಬೇಕು, ನಾಳೆ ನಮ್ಮ ಹೊಲಕ್ಕೆ ಬಾ, ಮುಯ್ಯಿ ತೀರ್ತು ಅನ್ಕೊ.”

“ಮೊದ್ಲು ನಮ್ಮದು ಕನಕ್ಕ, ಆಮೇಲೆ ನಿಮ್ಮದು.”

“ನಂದೇನೂ ಅವಸರ ಇಲ್ಲ ಬುಡಿ” ಎಂದಳು ಮೂರನೆಯವಳು. “ಗುರುವಾರದ ಕಂಪನಿಗೆ ಏನ್ ಮಾಡೀಯೆ, ಅದನ್ನ ಹೇಳು.”

“ಬಾಳೆಗೊನೆ ದುಡ್ಡು ಬರ್ಬೇಕು. ಬರ್ನಿಲ್ಲ ಅಂದ್ರೆ ನಿಮ್ಮನ್ನೇ ಕೇಳ್ಬೇಕು.”

ಗುರುವಾರದ ಗುಂಪಿನಲ್ಲೂ ಆ ಮೂವರಲ್ಲಿ ಇಬ್ಬರಿದ್ದಾರೆ.