ಶನಿವಾರದ ಸವಾಲು

ಮೇ ತಿಂಗಳ ಶನಿವಾರ, ಬೆಳಗಿನ ಹತ್ತೂವರೆ. ರಾತ್ರಿ ಬಿದ್ದ ಇಬ್ಬನಿ ಹುಲ್ಲಿನ ಮೇಲೆ ಇನ್ನೂ ಆರಿಲ್ಲ. ಮ್ಯಾಗ್‌ಪೈ ಹಕ್ಕಿಯೊಂದು ಕರೆಂಟು ತಂತಿಯ ಮೇಲೆ ಕೂತು, ಗಂಟಲಲ್ಲಿ ನೀರು ತುಂಬಿಕೊಂಡು ಕೊಳಲೂದುವಂತೆ ಹಾಡುತ್ತಿದೆ. ಬೀದಿಯ ತಿರುವಿನಲ್ಲಿ ಆಳೆತ್ತರದ ಬಾವುಟ ನೆಟ್ಟಿದ್ದಾರೆ, ನಮ್ಮೂರಲ್ಲಿ ಮದುವೆ ಮನೆಯ ದಾರಿ ತಿಳಿಯಲೆಂದು ಬಾಳೆಕಂಬ ನಿಲ್ಲಿಸುವ ಹಾಗೆ. ಅದು ತೋರಿದತ್ತ ಹೊರಳಿದರೆ ಕೆಂಪು ಇಟ್ಟಿಗೆಯ ತಗ್ಗು ಮನೆ, ಗೇಟಿನ ಬಳಿ ಕಪ್ಪು ಕೋಟಿನ ಹುಡುಗ. ಬಂದವರ ಹೆಸರು, ಫೋನ್ ನಂಬರು ಕೇಳಿ ಟ್ಯಾಬಿನಲ್ಲಿ ಬರೆದುಕೊಳ್ಳುತ್ತಿದ್ದಾನೆ. ಬಾಗಿಲು ತೆರೆದಿರುವುದು ಅರ್ಧ ಗಂಟೆ ಮಾತ್ರ. ಹನ್ನೊಂದಕ್ಕೆ ಹರಾಜು.

ಇದು ಮೆಲ್ಬರ್ನಿನ ಉತ್ತರ ಭಾಗದ ರಿಸರ್ವಾಯರ್ ಬಡಾವಣೆ. ಇಲ್ಲಿಯವರ ಬಾಯಲ್ಲಿ ‘ರೆಜವೋರ್’. ನನ್ನ ತಂಗಿ, ಅವಳ ಗಂಡ, ಆರು ವರ್ಷದ ಮಗಳು ಈ ಊರಿನಲ್ಲಿ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಮೂರು ಸಲ ಸಾಮಾನು ಹೊತ್ತಿದ್ದಾರೆ. ತಾತ್ಕಾಲಿಕ ವೀಸಾದಲ್ಲಿದ್ದಷ್ಟು ದಿನ ಕೊಳ್ಳುವ ಮಾತೇ ಎತ್ತಲಿಲ್ಲ. ಏಪ್ರಿಲ್ 1, 2025ರಿಂದಂತೂ ಅಂಥವರು, ಕೆಲವು ವಿನಾಯಿತಿ ಬಿಟ್ಟರೆ, ಈಗಾಗಲೇ ಕಟ್ಟಿ ನಿಂತ ಹಳೆಯ ಮನೆಯನ್ನು ಕೊಳ್ಳುವಂತೆಯೇ ಇಲ್ಲವೆಂದು ಸರ್ಕಾರ ತಡೆ ಹಾಕಿದೆ. ಕಾಯಂ ವಾಸದ ಕಾಗದ ಕೈಗೆ ಬಂದ ಮರುವಾರದಿಂದ ಇವರ ಶನಿವಾರಗಳೆಲ್ಲ ಹೀಗೆ ಬಾವುಟದ ಬೆನ್ನು ಹತ್ತಿವೆ. ಇವತ್ತು ನಾನೂ ಜೊತೆಗೆ. ನೀವೂ ಬನ್ನಿ, ಚಪ್ಪಲಿ ಹೊಸಿಲಾಚೆ ಬಿಟ್ಟು.

ಮೊದಲು ಮೂಗಿಗೆ ಬರುವುದು ಕಾಫಿಯ ಪರಿಮಳ, ಅದರಡಿಯಲ್ಲಿ ಹೊಸ ಬಣ್ಣದ್ದು, ಇನ್ನೂ ಕೆಳಗೆ ಹಳೆಯ ಕಾರ್ಪೆಟ್ಟಿನ ಮುಗ್ಗಲು. ಬೀರುವಿನ ಬಾಗಿಲು ತೆರೆಯುವವರು, ನಲ್ಲಿ ತಿರುಗಿಸಿ ನೀರಿನ ರಭಸ ನೋಡುವವರು, ಮಗುವನ್ನು ಕಂಕುಳಲ್ಲಿಟ್ಟುಕೊಂಡು ಪಿಸುಗುಡುವ ವಿಯೆಟ್ನಾಮಿನ ದಂಪತಿ, ಅಳತೆ ಟೇಪು ಹಿಡಿದ ಪಂಜಾಬಿ ಅಣ್ಣತಮ್ಮಂದಿರು. ಎಲ್ಲರೂ ಪರಸ್ಪರ ಮುಗುಳ್ನಗುತ್ತಾರೆ. ಇನ್ನರ್ಧ ಗಂಟೆಯಲ್ಲಿ ಎದುರಾಳಿಗಳಾಗಲಿರುವವರ ಮುಗುಳ್ನಗೆ ಅದು.

ತಂಗಿ ಮಗಳ ಜೇಬಿನಿಂದ ಗೋಲಿಯೊಂದನ್ನು ತೆಗೆದು ಅಡುಗೆ ಮನೆಯ ನೆಲದ ಮೇಲಿಟ್ಟಳು. ಗೋಲಿ ಒಂದು ಗಳಿಗೆ ಯೋಚಿಸಿದಂತೆ ನಿಂತು, ಆಮೇಲೆ ಮೆಲ್ಲಗೆ ಉರುಳುತ್ತ ಮೂಲೆ ಸೇರಿತು. “ನೋಡಿದ್ಯಾ ಅಕ್ಕಾ? ಈ ಕಡೆ ಕುಸಿದಿದೆ.” ಇಲ್ಲಿನ ಹಳೆಯ ಮನೆಗಳ ಹಲಗೆಯ ನೆಲ ಮಣ್ಣಿನ ಮೇಲೆ ಕೂತಿರುವುದಿಲ್ಲ, ಸಾಲಾಗಿ ನೆಟ್ಟ ಗಿಡ್ಡ ಕಂಬಗಳ ಮೇಲೆ ನಿಂತಿರುತ್ತದೆ. ಮರದ ಕಂಬವಾದರೆ ಬುಡ ಕೊಳೆಯುತ್ತದೆ, ಗೆದ್ದಲು ಹಿಡಿಯುತ್ತದೆ. ಸೂರಿನಂಚಿನ ಶೀಟು ಸಿಮೆಂಟಿನದಾದರೆ ಕಲ್ನಾರಿನ ಭಯ. 2003ರ ಕೊನೆಯ ದಿನ ಅದನ್ನು ದೇಶದಲ್ಲೆಲ್ಲ ನಿಷೇಧಿಸಿದರೂ ಹಳೆಯ ಮನೆಗಳಲ್ಲಿ ಉಳಿದೇ ಇದೆ. ಅದಕ್ಕೇ ಕೊಳ್ಳುವವರು ತಮ್ಮ ಖರ್ಚಿನಲ್ಲಿ ತಜ್ಞರನ್ನು ಕರೆಸಿ ಗೋಡೆ ಬಡಿಸುತ್ತಾರೆ, ಪಸೆ ಅಳೆಸುತ್ತಾರೆ. ಮನೆ ಕೈತಪ್ಪಿದರೆ ಆ ದುಡ್ಡೂ ಹೋಯಿತು. ಇವರಿಗೆ ಹಾಗೆ ಮೂರು ಸಲ ಹೋಗಿದೆ.

ಹಿಂಬಾಗಿಲು ದಾಟಿ ಹಿತ್ತಿಲಿಗೆ ಇಳಿದಾಗ ನಾನು ಅಲ್ಲೇ ನಿಂತುಬಿಟ್ಟೆ. ಕಬ್ಬಿಣದ ಚಪ್ಪರದ ತುಂಬ ದ್ರಾಕ್ಷಿ ಬಳ್ಳಿ, ಎಲೆ ಹಣ್ಣಾಗಿ ಉದುರುತ್ತಿದೆ. ಬೇಲಿಯ ಪಕ್ಕ ಅಂಜೂರ. ನಡುವೆ ಹಣ್ಣಿನ ಭಾರಕ್ಕೆ ಬಾಗಿದ ನಿಂಬೆ ಮರ. ಕಾರು ಶೆಡ್ಡಿನೊಳಗೆ ಇಣುಕಿದರೆ ಅಲ್ಲೊಂದು ಅಡುಗೆ ಮನೆ: ದೊಡ್ಡ ಒಲೆ, ಅಗಲವಾದ ತೊಟ್ಟಿ, ಮಸಿ ಹಿಡಿದ ಗೋಡೆ. ಎರಡನೇ ಮಹಾಯುದ್ಧದ ಬಳಿಕ ಹಡಗು ಹತ್ತಿ ಬಂದ ಇಟಲಿ, ಗ್ರೀಸಿನ ಕುಟುಂಬಗಳು ಈ ಕಡೆಯ ಬೀದಿಗಳಲ್ಲಿ ನೆಲೆಯೂರಿದವು. ಬೇಸಿಗೆಯಲ್ಲಿ ನೆಂಟರಿಷ್ಟರೆಲ್ಲ ಸೇರಿ ಬುಟ್ಟಿಗಟ್ಟಲೆ ಟೊಮೆಟೊ ಅರೆದು, ಕುದಿಸಿ, ವರ್ಷಕ್ಕಾಗುವಷ್ಟು ಬಾಟಲಿ ತುಂಬುವುದು ಇಟಲಿಯವರ ಪದ್ಧತಿ. ಮನೆಯೊಳಗಿನ ಒಲೆ ಅದಕ್ಕೆ ಸಾಲದು. ಹಪ್ಪಳ, ಸಂಡಿಗೆಯ ದಿನಗಳಲ್ಲಿ ನಮ್ಮಮ್ಮ ಹಿತ್ತಿಲ ಒಲೆ ಹೂಡುತ್ತಿದ್ದುದು ನೆನಪಾಯಿತು. ಈ ಒಲೆಯ ಯಜಮಾನಿ ಐವತ್ತು ವರ್ಷ ಇಲ್ಲೇ ಬಾಳಿ ಈಗ ವೃದ್ಧಾಶ್ರಮದಲ್ಲಿದ್ದಾಳೆಂದು ಬೇಲಿಯಾಚೆಯಿಂದ ಪಕ್ಕದ ಮನೆಯ ಅಜ್ಜ ಹೇಳಿದ.

ನಿವೇಶನ 560 ಚದರ ಮೀಟರು. ಸಾಗರದಿಂದ ಬಂದ ನನಗೆ ಐದೂವರೆ ಗುಂಟೆ ಎಂದರೆ ಅರ್ಥವಾಗುತ್ತದೆ. ಬೆಂಗಳೂರಿನವರು ಥರ್ಟಿ ಫಾರ್ಟಿ ಸೈಟು ಐದು ಎಂದುಕೊಳ್ಳಬಹುದು. ಮನೆ ಹದಿನಾಲ್ಕು ಚದರ. ಇಲ್ಲಿಯ ಕಟ್ಟಡದವರೂ ನಮ್ಮ ಮೇಸ್ತ್ರಿಗಳಂತೆ ನೂರು ಚದರಡಿಗೆ ಒಂದು ‘ಸ್ಕ್ವೇರ್’ ಎಂದೇ ಲೆಕ್ಕ ಹಾಕುವುದು ಕೇಳಿ ಎಷ್ಟು ಹಿತವೆನಿಸಿತೆಂದರೆ!

ಅಷ್ಟರಲ್ಲಿ ಊರಿಂದ ಅಮ್ಮನ ಫೋನು. “ಬಾಗಿಲು ಯಾವ ಕಡೆಗೇ?” ತಂಗಿ ನನ್ನ ಮುಖ ನೋಡಿದಳು. ಬಾಗಿಲು ದಕ್ಷಿಣಕ್ಕೆ. ಆಚೆಯಿಂದ ಮಾತಿಲ್ಲ. “ಅಮ್ಮಾ, ಇಲ್ಲಿ ಸೂರ್ಯ ಉತ್ತರದ ಕಡೆಯಿಂದ ಹಾದುಹೋಗ್ತಾನೆ. ಚಳಿಗಾಲದಲ್ಲಿ ಬಿಸಿಲು ಬೇಕಂದ್ರೆ ಹಿತ್ತಿಲು ಉತ್ತರಕ್ಕಿರಬೇಕು. ಅಂಥ ಮನೆಗೆ ಹೆಚ್ಚು ಬೆಲೆ.” ಅವಳು ಫೋನನ್ನು ಅಡುಗೆ ಮನೆಯ ಕಡೆ ತಿರುಗಿಸಿದಳು. ಉತ್ತರದ ಕಿಟಕಿಯಿಂದ ಓರೆಯಾಗಿ ನುಗ್ಗಿದ ಬಿಸಿಲು ನೆಲ ದಾಟಿ ಎದುರು ಗೋಡೆಯ ಅರ್ಧದವರೆಗೆ ಹತ್ತಿತ್ತು. ಮಗು ಆ ಬೆಳಕಿನೊಳಗೆ ಕೂತು ಕಳೆದ ಗೋಲಿ ಹುಡುಕುತ್ತಿತ್ತು. ಅಮ್ಮ ಸ್ವಲ್ಪ ಹೊತ್ತು ನೋಡಿ, “ಬೆಳಕು ಚೆನ್ನಾಗಿದೆ” ಎಂದಷ್ಟೇ ಅಂದಳು.

ಹನ್ನೊಂದಕ್ಕೆ ಬೀದಿಯೆಲ್ಲ ಅಂಗಳವಾಯಿತು. ನೆರೆಹೊರೆಯವರು ಕಾಫಿ ಲೋಟ, ನಾಯಿ, ಮಕ್ಕಳ ಸಮೇತ ಹೊರಬಂದರು. ಹರಾಜುಗಾರ ಕಾಗದದ ಸುರುಳಿ ಹಿಡಿದು ಮೊಸಾಯಿಕ್ ಜಗುಲಿಯ ಮೇಲೆ ನಿಂತು ನಿಯಮ ಓದಿದ. ಗೆದ್ದವರು ಇಂದೇ ಸಹಿ ಹಾಕಬೇಕು, ಹತ್ತನೇ ಒಂದು ಪಾಲು ಮುಂಗಡ ಕೊಡಬೇಕು. ಮಾತುಕತೆಯಿಂದ ಕೊಂಡರೆ ಮನಸ್ಸು ಬದಲಿಸಲು ಕೆಲಸದ ದಿನ ಮೂರು ಸಿಗುತ್ತವೆ, ಹರಾಜಿನಲ್ಲಿ ಒಂದು ಗಂಟೆಯೂ ಇಲ್ಲ. ತಂಗಿಯ ಗಂಡ ಮಡಚಿದ ಚೀಟಿಯನ್ನು ಜೇಬಿನಲ್ಲೇ ಹಿಚುಕುತ್ತಿದ್ದರು. ಬ್ಯಾಂಕಿನ ಸಾಲ, ಉಳಿತಾಯ, ಅದರಲ್ಲಿ ನೋಂದಣಿಯ ಮುದ್ರಾಂಕ ಶುಲ್ಕವೇ ಸುಮಾರು 50 ಸಾವಿರ, ಎಲ್ಲ ಕೂಡಿಸಿ ಕಳೆದು ಬರೆದ ಸಂಖ್ಯೆ 9 ಲಕ್ಷ 10 ಸಾವಿರ ಡಾಲರು.

ಕೂಗು 8 ಲಕ್ಷ 20 ಸಾವಿರಕ್ಕೆ ಶುರುವಾಯಿತು. ಹತ್ತು ಸಾವಿರದ ಹೆಜ್ಜೆ, ಆಮೇಲೆ ಐದರದು. ತೇರಿನ ಮರುದಿನ ದೇವಸ್ಥಾನದ ಅಂಗಳದಲ್ಲಿ ಹರಕೆಯ ಬಾಳೆಗೊನೆ ಸವಾಲು ಕೂಗುವಾಗಿನ ಅದೇ ಲಯ. ಅಲ್ಲಿ ಸೋತವರಿಗೂ ಪ್ರಸಾದವಿರುತ್ತದೆ. ತಂಗಿಯ ಗಂಡ ನಾಲ್ಕು ಸಲ ಕೈ ಎತ್ತಿದರು. 9 ಲಕ್ಷಕ್ಕೆ ಹರಾಜುಗಾರ ಒಳಹೋಗಿ, ಮನೆಯವರೊಡನೆ ಮಾತಾಡಿ ಬಂದು, ಇನ್ನು ಮನೆ ಮಾರಾಟವಾಗುವುದು ನಿಶ್ಚಯವೆಂದು ಸಾರಿದ. ತಂಗಿ ನನ್ನ ಮೊಣಕೈ ಹಿಡಿದಳು. 9 ಲಕ್ಷ 10 ಸಾವಿರ, ನಮ್ಮದು. ಮ್ಯಾಗ್‌ಪೈ ಕೂಡ ಸುಮ್ಮನಾಗಿತ್ತು. ವಿಯೆಟ್ನಾಮಿನ ತಾಯಿ ಮಗುವನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು ಮೆತ್ತಗೆ, “ಹನ್ನೊಂದು” ಎಂದಳು.

ತಂಗಿಯ ಗಂಡ ತಲೆಯಾಡಿಸಿ ಹಿಂದೆ ಸರಿದರು. ಆಮೇಲಿನದು ಅವಳಿಗೂ ಪಂಜಾಬಿ ಅಣ್ಣತಮ್ಮಂದಿರಿಗೂ ನಡೆದ ಸಾವಿರ, ಐನೂರರ ಜಗ್ಗಾಟ. ಒಂದು ಸಲ, ಎರಡು ಸಲ, ಮೂರನೇ ಸಲ. ಕಾಗದದ ಸುರುಳಿ ಅಂಗೈಗೆ ಬಡಿಯಿತು. 9 ಲಕ್ಷ 46 ಸಾವಿರ. ಬೀದಿ ಚಪ್ಪಾಳೆ ತಟ್ಟಿತು. ಮಗುವಿನ ಕೆನ್ನೆಗೆ ಮುಖವೊತ್ತಿ ಅವಳು ಅಳುತ್ತಿದ್ದಳು. ತಂಗಿ ಹೋಗಿ ಅವಳ ಕೈ ಹಿಡಿದು ಏನೋ ಹೇಳಿ ಬಂದಳು.

ಕಾರಿನ ಬಳಿಗೆ ಬಂದಾಗ ಪಕ್ಕದ ಮನೆಯ ಅಜ್ಜ ಪ್ಲಾಸ್ಟಿಕ್ ಚೀಲದ ತುಂಬ ತನ್ನ ಮರದ ನಿಂಬೆಹಣ್ಣು ಹಿಡಿದು ನಿಂತಿದ್ದ. ನಮಗೊಂದು ಚೀಲ, ಮನೆ ಗೆದ್ದ ದಂಪತಿಗೊಂದು. ಮಗು ಹಿಂದಿನ ಸೀಟಿನಲ್ಲಿ ಬೆಲ್ಟು ಹಾಕಿಕೊಳ್ಳುತ್ತ, “ದೊಡ್ಡಮ್ಮ, ನನ್ನ ಗೋಲಿ ಒಳಗೇ ಉಳೀತು” ಎಂದಿತು. ತಂಗಿ ಫೋನಿನಲ್ಲಿ ಮುಂದಿನ ಮನೆ ನೋಡುತ್ತಿದ್ದಳು. ಹನ್ನೆರಡೂ ಕಾಲಿಗೆ ಬಾಗಿಲು ತೆರೆಯುತ್ತದೆ. ಹಿತ್ತಿಲು ಉತ್ತರಕ್ಕೆ.