ಕಿರಿದಾದ ರಂಧ್ರದಲ್ಲಿ ನುಸುಳಿ, ಆಚೆ ಬದಿಯಲ್ಲಿ ತೆರೆದುಕೊಳ್ಳುವ ಅಲಗು

ಬೋಲ್ಟೊಂದರ ಬಾಳಿಕೆಗೆ ಅದರ ಉಕ್ಕಿನ ಗುಣಮಟ್ಟದಷ್ಟೇ, ಅದರ ತಲೆ ಕೂರುವ ಜಾಗ ಸಮತಟ್ಟಾಗಿರುವುದೂ ಮುಖ್ಯ. ಎರಕದ ಒರಟು ಮೈಮೇಲೆ ಓರೆಯಾಗಿ ಕುಳಿತ ಬೋಲ್ಟ್ ಬಿಗಿಯುವಾಗಲೇ ಬಾಗುತ್ತದೆ. ಮುಂದೆ ಅದುರಾಟಕ್ಕೆ ಸಿಕ್ಕಿ ಬಿರುಕು ಬಿಡಬಹುದು. ಆದ್ದರಿಂದಲೇ ರಂಧ್ರದ ಸುತ್ತ ವೃತ್ತಾಕಾರವಾಗಿ ಹೆರೆದು ಮಟ್ಟ ಮಾಡಲಾಗುತ್ತದೆ. ಎದುರಿನ ಬದಿಯಲ್ಲಿ ಇದು ಸುಲಭ. ಗೇರ್ ಪೆಟ್ಟಿಗೆಯಂತಹ ಟೊಳ್ಳು ಎರಕದ ಒಳಗೋಡೆಯಲ್ಲಿ ಮಾಡಬೇಕಾದಾಗ ತೊಡಕು ಆರಂಭ. ರಂಧ್ರ 20 ಮಿ.ಮೀ., ಹೆರೆಯಬೇಕಾದ ವೃತ್ತ 35 ಮಿ.ಮೀ. ಎಂದುಕೊಳ್ಳಿ. ಅಷ್ಟಗಲದ ಅಲಗು ಒಳಹೋಗುವುದೆಂತು?

ಹಳೆಯ ಪದ್ಧತಿಯಲ್ಲಿ ಬರಿಯ ದಂಡವನ್ನು ರಂಧ್ರದಲ್ಲಿ ತೂರಿಸಿ, ಯಂತ್ರ ನಿಲ್ಲಿಸಿ, ಕಾರ್ಮಿಕನು ಒಳಗೆ ಕೈಹಾಕಿ ಅಲಗನ್ನು ಸಿಕ್ಕಿಸುತ್ತಾನೆ. ಕೆಲಸ ಮುಗಿದ ಮೇಲೆ ಕೈಯಿಂದಲೇ ಬಿಚ್ಚುತ್ತಾನೆ. ಎಂಟು ರಂಧ್ರಗಳಿದ್ದರೆ ಹದಿನಾರು ಬಾರಿ. ಹರಿತವಾದ ಅಂಚು, ಎಣ್ಣೆಯ ಜಾರು, ಕಣ್ಣಿಗೆ ಕಾಣದ ಮೂಲೆ: ಬೆರಳುಗಳ ಪಾಡು ಊಹಿಸಬಹುದು.

ಇದಕ್ಕೆ ಪರಿಹಾರವೇ ದ್ರವದ ಒತ್ತಡದಿಂದ ಚಲಿಸುವ, ಒಳಸರಿಯುವ ಅಲಗಿನ ಉಪಕರಣ. ಅಲಗು ದಂಡದೊಳಗೆ ಅಡಗಿಕೊಂಡೇ ರಂಧ್ರವನ್ನು ದಾಟುತ್ತದೆ. ಬಳಿಕ ಸ್ಪಿಂಡಲಿನ ನಡುವಿನಿಂದ ಕೂಲೆಂಟ್ ಹರಿಯುತ್ತದೆ. ಅದರ ಒತ್ತಡಕ್ಕೆ ಪುಟ್ಟ ಪಿಸ್ಟನ್ ಸರಿದು ಅಲಗನ್ನು ಹೊರಕ್ಕೆ ನೂಕುತ್ತದೆ. ತಿರುಗುತ್ತಿರುವ ದಂಡವನ್ನು ಹಿಂದಕ್ಕೆಳೆದಂತೆ ಒಳಮೈ ಹೆರೆಯಲ್ಪಡುತ್ತದೆ. ಒತ್ತಡ ಇಳಿದೊಡನೆ ಸ್ಪ್ರಿಂಗ್ ಅಲಗನ್ನು ಒಳಗೆಳೆಯುತ್ತದೆ. (ಕೆಲವು ವಿನ್ಯಾಸಗಳಲ್ಲಿ ಕ್ರಮ ತಿರುವುಮುರುವು: ತಿರುಗುವ ವೇಗಕ್ಕೆ ಅಲಗು ಹೊರಬರುತ್ತದೆ, ದ್ರವ ಅದನ್ನು ಒಳಗಟ್ಟುತ್ತದೆ.) ಲೋಹವನ್ನು ತಂಪಾಗಿಡುವ ದ್ರವಕ್ಕೇ ಅಲಗನ್ನು ಆಡಿಸುವ ಕೆಲಸವನ್ನೂ ಒಪ್ಪಿಸಿರುವುದು ಇಲ್ಲಿನ ಜಾಣ್ಮೆ.

ಸಿದ್ಧಾಂತ ಹಳೆಯದು. 17ನೇ ಶತಮಾನದಲ್ಲಿ ಫ್ರಾನ್ಸಿನ ಪ್ಯಾಸ್ಕಲ್ ವಿವರಿಸಿದ್ದ ದ್ರವದೊತ್ತಡದ ನಿಯಮವನ್ನು ಬಳಸಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಹೈಡ್ರಾಲಿಕ್ ಪ್ರೆಸ್‌ಗೆ ಪೇಟೆಂಟ್ ಪಡೆದಿದ್ದ. 10 ಮಿ.ಮೀ. ವ್ಯಾಸದ ಪಿಸ್ಟನ್ನಿನ ಮೇಲೆ 20 ಬಾರ್ ಒತ್ತಡ ಬಿದ್ದರೆ ಸುಮಾರು 16 ಕಿಲೋ ಭಾರದಷ್ಟು ಬಲ ದೊರೆಯುತ್ತದೆ. ಅಲಗನ್ನು ಸರಿಸಲು ಅಷ್ಟು ಸಾಕು. ಹೆರೆಯುವಾಗಿನ ಭಾರವನ್ನು ಪಿಸ್ಟನ್ ಹೊರುವುದಿಲ್ಲ, ಅಲಗು ಕುಳಿತ ತೋಡಿನ ಗಟ್ಟಿ ಗೋಡೆ ಹೊರುತ್ತದೆ.

ಆದರೆ ಯಂತ್ರಕ್ಕೆ ಅಲಗು ಕಾಣುವುದಿಲ್ಲ. ಲೋಹದ ಸಣ್ಣ ಚೂರೊಂದು ತೋಡಿನಲ್ಲಿ ಸಿಕ್ಕಿಕೊಂಡರೂ ಅಲಗು ಒಳಸರಿಯದು. ಅದನ್ನರಿಯದ ಯಂತ್ರ ವೇಗವಾಗಿ ದಂಡವನ್ನು ಹೊರಗೆಳೆದರೆ ಅಲಗು ಮುರಿಯುತ್ತದೆ, ರಂಧ್ರ ಕೆಡುತ್ತದೆ. ಕೆಲವೊಮ್ಮೆ ಸ್ಪಿಂಡಲಿಗೂ ಪೆಟ್ಟು. ಗಂಟೆಗಟ್ಟಲೆ ದುಡಿದು ಸಿದ್ಧಪಡಿಸಿದ ಎರಕ ಗುಜರಿಗೆ ಸೇರುತ್ತದೆ. ಹಾಗಾಗಿ ಕೂಲೆಂಟನ್ನು ಚೆನ್ನಾಗಿ ಸೋಸಲೇಬೇಕು. ಪಂಪು ನಿಂತ ಮೇಲೂ ಕೊಳವೆಯೊಳಗಿನ ಒತ್ತಡ ಇಳಿಯಲು ಸಮಯ ಬೇಕಾದ್ದರಿಂದ ಪ್ರೋಗ್ರಾಮಿನಲ್ಲಿ ಕ್ಷಣಕಾಲದ ವಿರಾಮ ಬರೆಯಬೇಕು. ಜಾಬ್ ವರ್ಕ್ ಮಾಡುವ ಸಣ್ಣ ಘಟಕಗಳಿಗೆ ಅಧಿಕ ಒತ್ತಡದ ಪಂಪಿನ ಖರ್ಚೂ ಹಗುರವಲ್ಲ. ನುರಿತ ಆಪರೇಟರುಗಳು ಹೊಸ ಉಪಕರಣವನ್ನು ಮೊದಲು ಎರಕದ ಹೊರಗೆ, ಬಯಲಿನಲ್ಲೇ ನಾಲ್ಕಾರು ಬಾರಿ ತೆರೆದು ಮುಚ್ಚಿಸಿ ನೋಡಿದ ನಂತರವೇ ರಂಧ್ರದೊಳಗೆ ಇಳಿಸುತ್ತಾರೆ.